ಸಹಾಯ ಬೇಕು: ಸೆನ್ಸರ್‌ಗೆ ಸಿಗ್ತಿರೋದು ಸ್ನಾಯುವಿನ ಸಿಗ್ನಲ್ಲೋ, ಕೈ ಅಲುಗಾಟವೋ?

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟ್‌ಗೆ ಮುಂಗೈ ಸ್ನಾಯುವಿನ ಚಟುವಟಿಕೆಯನ್ನ ಎಲೆಕ್ಟ್ರೋಡ್ ಅಂಟಿಸದೆ, ಪುಟ್ಟ ಟಿಎಂಆರ್ (ಕಾಂತಕ್ಷೇತ್ರಕ್ಕೆ ತಕ್ಕಂತೆ ವಿದ್ಯುತ್ ರೋಧ ಬದಲಾಗೋ) ಮ್ಯಾಗ್ನೆಟಿಕ್ ಸೆನ್ಸರ್‌ನಿಂದ ಅಳೆಯೋಕೆ ನೋಡ್ತಿದ್ದೀನಿ. 1972ರಲ್ಲೇ ಕೋಹೆನ್ ಮತ್ತು ಗಿವ್ಲರ್ ಅನ್ನೋ ಸಂಶೋಧಕರು ಸ್ಕ್ವಿಡ್ (ತುಂಬಾ ಸೂಕ್ಷ್ಮವಾದ ಸೂಪರ್‌ಕಂಡಕ್ಟರ್ ಕಾಂತ ಸೆನ್ಸರ್) ಬಳಸಿ ಇದನ್ನ ಮಾಡಿ ತೋರಿಸಿದ್ರು. ಆದರೆ ಅದಕ್ಕೆ ತಂಪು ಮಾಡೋಕೆ ದ್ರವ ಹೀಲಿಯಂ, ಹೊರಗಿನ ಕಾಂತಕ್ಷೇತ್ರ ತಡೆಯೋಕೆ ಶೀಲ್ಡ್ ಮಾಡಿದ ಕೋಣೆ ಬೇಕು. ನಮ್ಮ ಲ್ಯಾಬಲ್ಲಿ ಎರಡೂ ಇಲ್ಲ.

ಮುಷ್ಟಿ ಬಿಗಿ ಹಿಡಿದಾಗ ಸ್ಕ್ರೀನ್ ಮೇಲೆ ಚೆನ್ನಾಗಿ ಅಲೆ ಬರುತ್ತೆ. ಮೊದಲ ದಿನ ತುಂಬಾ ಖುಷಿಪಟ್ಟೆ. ಆಮೇಲೆ ಲೆಕ್ಕ ಹಾಕಿದೆ: ಸ್ನಾಯುವಿನ ಕಾಂತಕ್ಷೇತ್ರ ಪಿಕೋಟೆಸ್ಲಾ ಮಟ್ಟದ್ದು, ಭೂಮಿಯದ್ದು ಇಲ್ಲಿ ಸುಮಾರು 40 ಮೈಕ್ರೋಟೆಸ್ಲಾ (ಒಂದು ಮೈಕ್ರೋ ಅಂದ್ರೆ ಹತ್ತು ಲಕ್ಷ ಪಿಕೋ). ಸೆನ್ಸರ್ 0.01 ಡಿಗ್ರಿ ವಾಲಿದ್ರೂ 7,000 ಪಿಕೋಟೆಸ್ಲಾವರೆಗೆ ವ್ಯತ್ಯಾಸ ಬರಬಹುದು!

ಬ್ಯಾಟರಿಯಲ್ಲಿ ಓಡಿಸಿದೆ, ಕರೆಂಟ್ ಲೈನಿನ ಗದ್ದಲ ತೆಗೆಯೋಕೆ 50 ಹರ್ಟ್ಸ್ ನಾಚ್ ಫಿಲ್ಟರ್ ಹಾಕಿದೆ, ಕೈಯನ್ನ ಮರದ ಹಲಗೆಗೆ ಕಟ್ಟಿದೆ, ಎರಡು ಸೆನ್ಸರ್ ಇಟ್ಟು ಎರಡಕ್ಕೂ ಸಮಾನವಾಗಿ ಬರೋ ಗದ್ದಲ ಹೋಗಲಿ ಅಂತ ಒಂದರ ಅಳತೆಯಿಂದ ಇನ್ನೊಂದರದ್ದನ್ನ ಕಳೆದೆ. 20 ಹರ್ಟ್ಸ್‌ಗಿಂತ ಕೆಳಗಿನದ್ದನ್ನ (ಕೈ ಅಲುಗಾಟ ಹೆಚ್ಚಾಗಿ ಇರೋದು ಇಲ್ಲೇ) ತೆಗೆದ ಕೂಡಲೇ ಅಲೆಯೇ ಮಾಯ. ಅದೇ ಹೊತ್ತಿಗೆ ಪಕ್ಕದಲ್ಲಿರೋ ಇಎಂಜಿಯಲ್ಲಿ (ಎಲೆಕ್ಟ್ರೋಡ್ ಅಂಟಿಸಿ ಸ್ನಾಯುವಿನ ವಿದ್ಯುತ್ ಅಳೆಯೋ ವಿಧಾನ) ಮಾತ್ರ ಸಿಗ್ನಲ್ ಸ್ಪಷ್ಟವಾಗಿದೆ. ಹಾಗಾಗಿ ನಾನು ನೋಡಿದ್ದು ಬರೀ ಅಲುಗಾಟ ಅಂತ ಅನುಮಾನ.

ಇದರಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ: ನರಕ್ಕೆ ಸಣ್ಣ ಕರೆಂಟ್ ಕೊಟ್ಟು, ಸಾವಿರಾರು ಸಲ ಅಳೆದು ಸರಾಸರಿ ತೆಗೆದ್ರೆ ಶೀಲ್ಡ್ ಇಲ್ಲದೆಯೂ ನಿಜವಾದ ಸಿಗ್ನಲ್ ಕಾಣುತ್ತಾ? ಇಲ್ಲಾ, ಮೊದಲು ಕೈ ಹಿಡಿಸುವಷ್ಟು ಮ್ಯೂ-ಮೆಟಲ್ (ಕಾಂತಕ್ಷೇತ್ರ ತಡೆಯೋ ಮಿಶ್ರಲೋಹ) ಕೊಳವೆ ಮಾಡಿಸಲೇಬೇಕಾ?