ಸ್ಟೆಲೇರಿಯಂನಿಂದ ಟೆಲಿಸ್ಕೋಪ್ ತಿರುಗಿಸಿದರೆ ಗುರಿ ತಪ್ಪುತ್ತಿದೆ

ಪ್ರಶ್ನೆ:
ಸ್ಟೆಲೇರಿಯಂನಲ್ಲಿ (ಆಕಾಶದ ನಕ್ಷೆ ತೋರಿಸುವ ಕಂಪ್ಯೂಟರ್ ತಂತ್ರಾಂಶ) ಟೆಲಿಸ್ಕೋಪ್ ಕಂಟ್ರೋಲ್ ಪ್ಲಗಿನ್ ಹಾಕಿಕೊಂಡೆ, ಕೇಬಲ್ ಕನೆಕ್ಟ್ ಆಗಿದೆ, ತೆರೆ ಮೇಲೆ ಟೆಲಿಸ್ಕೋಪ್ ಗುರುತೂ ಕಾಣುತ್ತದೆ. ಶನಿಯನ್ನು ಕ್ಲಿಕ್ ಮಾಡಿ ಕಂಟ್ರೋಲ್ ಜೊತೆ 1 ಒತ್ತಿದರೆ ಮೋಟಾರ್ ಗುರ್ರ್ ಅಂತ ತಿರುಗಿ ನಿಲ್ಲುತ್ತದೆ, ಆದರೆ ಐಪೀಸ್‌ನಲ್ಲಿ (ಕಣ್ಣಿಟ್ಟು ನೋಡುವ ಮಸೂರ) ಬರೀ ಕತ್ತಲೆ. ಎರಡು ರಾತ್ರಿಯಿಂದ ಇದೇ ಕಥೆ.

ಉತ್ತರ 1:
ಅಲೈನ್‌ಮೆಂಟ್ (ಟೆಲಿಸ್ಕೋಪ್ ದಿಕ್ಕನ್ನು ಆಕಾಶಕ್ಕೆ ಹೊಂದಿಸುವುದು) ಮಾಡಿದ್ದೀರಾ? ಟೆಲಿಸ್ಕೋಪ್ ನಿಜಕ್ಕೂ ಎತ್ತ ನೋಡ್ತಿದೆ ಅಂತ ಸ್ಟೆಲೇರಿಯಂಗೆ ಗೊತ್ತಿಲ್ಲ, ಮೌಂಟ್ (ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೋಟಾರ್ ಸ್ಟ್ಯಾಂಡ್) ಹೇಳಿದ್ದನ್ನು ಸುಮ್ನೆ ನಂಬುತ್ತದೆ. ಮೊದಲು ಎರಡು ಪ್ರಕಾಶಮಾನ ನಕ್ಷತ್ರಗಳನ್ನು ಐಪೀಸ್ ಮಧ್ಯಕ್ಕೆ ತಂದು ಅಲೈನ್ ಮಾಡಿ. ಹ್ಯಾಂಡ್ ಕಂಟ್ರೋಲರ್‌ನಲ್ಲಿ ಊರು, ಸಮಯ, ಟೈಮ್ ಝೋನ್ ಕೂಡ ನೋಡಿ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಒಂದು ಗಂಟೆ ತಪ್ಪಾದರೂ ಗುರಿ ಎಲ್ಲೋ ಹೋಗುತ್ತದೆ.

ಉತ್ತರ 2:
ಪ್ಲಗಿನ್‌ನಲ್ಲಿ ಜೆ2000 (2000ನೇ ಇಸವಿಯ ಲೆಕ್ಕದ ಆಕಾಶದ ಸ್ಥಾನ) ಮತ್ತು ಜೆನೌ (ಇವತ್ತಿನ ಲೆಕ್ಕದ್ದು) ಅಂತ ಎರಡು ಆಯ್ಕೆ ಇವೆ, ಮೌಂಟ್ ಯಾವುದನ್ನು ಬಳಸುತ್ತದೋ ಅದನ್ನೇ ಇಡಿ. ಭೂಮಿಯ ಅಕ್ಷ ನಿಧಾನಕ್ಕೆ ವಾಲುತ್ತಾ ಸುತ್ತುವುದರಿಂದ 25 ವರ್ಷದಲ್ಲಿ ಡಿಗ್ರಿಯ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ ಬಂದಿದೆ. ಜಾಸ್ತಿ ಪವರ್‌ನ ಐಪೀಸ್ ಆದರೆ ಅಷ್ಟೇ ಸಾಕು ಶನಿ ಮಾಯವಾಗಲು. ಶುರುವಿಗೆ ಕಡಿಮೆ ಪವರ್‌ನ 25 ಮಿಮೀ ಐಪೀಸ್ ಹಾಕಿ.

ಪ್ರಶ್ನೆ ಕೇಳಿದವರು:
ಡೇಲೈಟ್ ಸೇವಿಂಗ್ (ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಸೆಟ್ಟಿಂಗ್) ಆನ್ ಆಗಿತ್ತು! ಆಫ್ ಮಾಡಿ ಮತ್ತೆ ಅಲೈನ್ ಮಾಡಿದೆ. ಉಂಗುರ ಕಾಣಿಸ್ತು, ಸ್ವಲ್ಪ ಅಂಚಿನಲ್ಲಿ.