ಆಲೂಗಡ್ಡೆ ಹೊಲದ ಬದುವಿನಲ್ಲಿ ಗೆರೆ ಜೀರುಂಡೆ: ಔಷಧಿ ಹೊಡೆಯಬೇಕಾ?

ಹಾಸನ ಬಯಲು:
ಹಾಸನ ತಾಲ್ಲೂಕು, ಆಲೂಗಡ್ಡೆ ಹೊಲ. ಬದುವಿನ ಕಾಂಗ್ರೆಸ್ ಗಿಡದ ತುಂಬ ಬೆಳ್ಳಗಿನ ಬೆನ್ನಿಗೆ ಕಂದು ಗೆರೆಯ ಜೀರುಂಡೆ. ಮೊಬೈಲ್‌ನಲ್ಲಿ ಹುಡುಕಿದರೆ ಕೊಲರಾಡೊ ಆಲೂಗಡ್ಡೆ ಜೀರುಂಡೆ ಅಂತ ಬರುತ್ತೆ. ಬೆಳೆಗೆ ಇಳಿಯೋ ಮೊದಲೇ ಔಷಧಿ ಹೊಡೆಯಲಾ?

ಎಲೆಹುಳು:
ದಯವಿಟ್ಟು ಹೊಡೀಬೇಡಿ ಸರ್. ಕೊಲರಾಡೊ ಜೀರುಂಡೆ ನಮ್ಮ ದೇಶದಲ್ಲಿ ನೆಲೆಯೂರಿಲ್ಲ. ಇದು ಮೆಕ್ಸಿಕನ್ ಜೀರುಂಡೆ, ಜೈಗೊಗ್ರಾಮಾ ಬೈಕಲರೇಟಾ. ಒಂದನ್ನು ಅಂಗೈ ಮೇಲಿಟ್ಟು ತಲೆಯ ಹಿಂದಿನ ಕವಚ ನೋಡಿ. ಕಡು ಕಂದು ಇದ್ದರೆ ಇದೇ. ಕೊಲರಾಡೊಗೆ ಅಲ್ಲಿ ಕಿತ್ತಳೆ ಬಣ್ಣದ ಮೇಲೆ ಕಪ್ಪು ಚುಕ್ಕೆ ಇರುತ್ತೆ. ಇದರ ಉದ್ದ ಸುಮಾರು 6 ಮಿ.ಮೀ., ಗೆರೆಗಳು ಅಂಕುಡೊಂಕು. ಅದು 10 ಮಿ.ಮೀ. ಹತ್ತಿರ, ಒಂದೊಂದು ರೆಕ್ಕೆಗೂ ನೆಟ್ಟಗಿನ 5 ಕಪ್ಪು ಪಟ್ಟೆ. ಮರಿಹುಳುವಿನಲ್ಲೂ ಗೊಂದಲ ಬೇಡ: ಇದರದು ಮೊದಲು ಹಳದಿ, ಬಲಿತಾಗ ಬಿಳಿ. ಅದರದು ಕೆಂಪು, ಪಕ್ಕದಲ್ಲಿ ಎರಡು ಸಾಲು ಕಪ್ಪು ಚುಕ್ಕೆ.

ಕಡೂರು ಕಡೆಯವ:
ಮೂಲ ಮೆಕ್ಸಿಕೊ. ಕಾಂಗ್ರೆಸ್ ಕಳೆ ತಿನ್ನಿಸಲೆಂದೇ 1983ರಲ್ಲಿ ಬೆಂಗಳೂರಿಗೆ ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಬಿಟ್ಟರು. ಈಗ ದೇಶದ ಬಹುಭಾಗದಲ್ಲಿದೆ, ಗಡಿ ದಾಟಿ ಪಾಕಿಸ್ತಾನ, ನೇಪಾಳಕ್ಕೂ ಹೋಗಿದೆ. ಮುಂಗಾರು ಬಿದ್ದಾಗ ಮಣ್ಣಿಂದ ಎದ್ದು ಬರುತ್ತೆ, ಚಳಿಗಾಲದಿಂದ ಬೇಸಿಗೆವರೆಗೆ ಮಣ್ಣೊಳಗೇ ಮಲಗಿರುತ್ತೆ. ಕೋಶ ಕಟ್ಟೋದೂ ಮಣ್ಣಲ್ಲೇ. ಅದಕ್ಕೇ ಬದುವಿನ ಬುಡ ಕೆದಕಬೇಡಿ.

ಹಾಸನ ಬಯಲು:
ಕವಚ ಕಡು ಕಂದೇ ಇದೆ. ಆದರೆ ಆಲೂಗಡ್ಡೆ ಎಲೆಯೂ ಜಾಲರಿ ಆಗಿದೆಯಲ್ಲ?

ಎಲೆಹುಳು:
ಅದು ಎಪಿಲಾಕ್ನಾ ಅನ್ನೋ ಇನ್ನೊಂದು ಜೀರುಂಡೆಯ ಕೆಲಸ ಇರಬೇಕು. ಎಲೆ ಮಗುಚಿ ನೋಡಿ: ಮೈತುಂಬ ಮುಳ್ಳಿರುವ ಹಳದಿ ಮರಿ, ತಾಮ್ರದ ಬಣ್ಣಕ್ಕೆ ಕಪ್ಪು ಚುಕ್ಕೆಯ ದೊಡ್ಡ ಹುಳು. ಹಸಿರು ಕೆರೆದು ನರ ಉಳಿಸೋದು ಅದೇ. ಮೊಟ್ಟೆ, ಮರಿ ಇರುವ ಎಲೆ ಕಿತ್ತು ನಾಶ ಮಾಡಿ. ಔಷಧಿ ಬೇಕೇ ಆದರೆ ಬೆಳೆಗಷ್ಟೇ ಹೊಡೀರಿ, ಬದುವಿಗೆ ತಾಗಿಸಬೇಡಿ.

ಕಡೂರು ಕಡೆಯವ:
ಪಕ್ಕದಲ್ಲಿ ಸೂರ್ಯಕಾಂತಿ ಇದ್ದರೆ ಮಾತ್ರ ಕಣ್ಣಿಟ್ಟಿರಿ. ಕಾಂಗ್ರೆಸ್ ಗಿಡದ ಪರಾಗ ಉದುರಿದ ಸೂರ್ಯಕಾಂತಿ ಎಲೆಯನ್ನ ಇದು ಕಚ್ಚುತ್ತೆ. ಬೇರೆ ಕಡೆಗೆ ಒಯ್ಯೋದಾದರೆ, ಕಳೆ ಹೂಬಿಡುವ ಮೊದಲೇ ಒಂದು ಜಾಗಕ್ಕೆ 500ರಿಂದ 1000 ಬಿಡಿ, ಹತ್ತಿಪ್ಪತ್ತು ಬಿಟ್ಟರೆ ಚದುರಿಹೋಗುತ್ತವೆ. ತೂತು ಮಾಡಿದ ಡಬ್ಬಿಗೆ ಕಾಂಗ್ರೆಸ್ ಸೊಪ್ಪು ಹಾಕಿ ಒಯ್ಯಿರಿ. ಪ್ಲಾಸ್ಟಿಕ್ ಕವರ್‌ನಲ್ಲಿ ಬೆವರಿ ಸಾಯುತ್ತವೆ. ಕೈಗವಸು ಹಾಕಿ, ಸೊಪ್ಪು ಮುಟ್ಟಿದರೆ ಕೆಲವರಿಗೆ ತುರಿಕೆ ಏಳುತ್ತೆ.