ಮಗ್ಗದ ಸಪ್ಪಳದಲ್ಲಿ ಕಿವಿ ಮಂದವಾದ ತಂದೆಗೆ ಸರಕಾರದಿಂದ ಶ್ರವಣ ಸಾಧನ ಸಿಗುವುದೇ?

ಬನಹಟ್ಟಿ_ಮಗಳು ಕೇಳಿದ ಪ್ರಶ್ನೆ:

ನಮ್ಮ ತಂದೆಯವರಿಗೆ ಈಗ 63 ವರ್ಷ. ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗದ ಮೇಲೆ ಕೂಲಿ ನೇಯ್ಗೆ ಮಾಡುತ್ತಲೇ ಆಯುಷ್ಯ ಕಳೆದವರು. ಈಗಲೂ ಅರ್ಧ ಪಾಳಿ ಕೆಲಸಕ್ಕೆ ಹೋಗುತ್ತಾರೆ. ಕೆಲವು ವರ್ಷಗಳಿಂದ ಅವರ ಎರಡೂ ಕಿವಿಗಳು ಮಂದವಾಗುತ್ತ ಬಂದಿವೆ. ಗಂಡಸರ ದಪ್ಪ ದನಿ ಹೇಗೋ ಕೇಳಿಸುತ್ತದೆ, ಆದರೆ ಮೊಮ್ಮಗಳು ಮಾತಾಡಿದರೆ ಸಪ್ಪಳ ಕೇಳುತ್ತದೆ, ಮಾತು ತಿಳಿಯುವುದಿಲ್ಲ ಎನ್ನುತ್ತಾರೆ. ಖಾಸಗಿ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಒಂದು ಕಿವಿಯ ಸಾಧನಕ್ಕೆ 18,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಬೇರೆ ಎಂದು ಹೇಳಿದರು. ನಮ್ಮದು ಬಿಪಿಎಲ್ ಕಾರ್ಡಿನ ಕುಟುಂಬ. ಅಷ್ಟು ಹಣ ಒಮ್ಮೆಲೇ ಹೊಂದಿಸುವುದು ಆಗದ ಮಾತು.

ಈ ನಡುವೆ ನಮ್ಮ ಓಣಿಗೆ ಒಬ್ಬರು ಬಂದು, ಸರಕಾರದಿಂದ ಕಿವಿಯ ಮಷಿನ್ ಉಚಿತವಾಗಿ ಕೊಡಿಸುವುದಾಗಿಯೂ, ಮನೆಯಲ್ಲಿ ಹೆಂಗಸರಿದ್ದರೆ ಹೊಲಿಗೆ ಯಂತ್ರ, ಕಾಲೇಜಿಗೆ ಹೋಗುವವರಿದ್ದರೆ ಲ್ಯಾಪ್‌ಟಾಪ್ ಕೂಡ ಬರುವುದಾಗಿಯೂ ಹೇಳಿ, ನೋಂದಣಿಗೆ 500 ರೂಪಾಯಿ, ಆಧಾರ್ ಪ್ರತಿ ಮತ್ತು ಹೆಬ್ಬೆಟ್ಟು ಕೇಳುತ್ತಿದ್ದಾರೆ. ಇಂಥ ಯೋಜನೆ ನಿಜವಾಗಿಯೂ ಇದೆಯೇ? ಇದ್ದರೆ ಬಾಗಲಕೋಟೆ ಜಿಲ್ಲೆಯವರು ಯಾವ ಕಚೇರಿಯಿಂದ ಆರಂಭಿಸಬೇಕು? ಅನುಭವ ಇರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಗೋಕಾಕ_ಫಾಲ್ಸ್ ಅವರ ಉತ್ತರ:

ಮೊದಲು ಆ ಮನುಷ್ಯನಿಗೆ ಹೆಬ್ಬೆಟ್ಟು ಕೊಡುವುದನ್ನು ನಿಲ್ಲಿಸಿ. ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಎರಡೂ ಒಬ್ಬನ ಕೈಗೆ ಸಿಕ್ಕರೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯಿಂದ ಒಟಿಪಿ ಇಲ್ಲದೆಯೇ ಹಣ ತೆಗೆಯಲು ದಾರಿಯಾಗುತ್ತದೆ. ಈಗಾಗಲೇ ಯಾರಾದರೂ ಕೊಟ್ಟಿದ್ದರೆ ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಸಲಿ; ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ.

ಅವನು ಹೇಳಿದ್ದೆಲ್ಲ ಸುಳ್ಳಲ್ಲ ಎಂಬುದೇ ಇಂಥವರ ಬಂಡವಾಳ. ದರ್ಜಿ ಕೆಲಸ ಮಾಡುವವರಿಗೆ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಗಳಿಗಾಗಿ 15,000 ರೂಪಾಯಿಯ ಇ-ವೋಚರ್ ಇರುವುದು ನಿಜ. ಆದರೆ ಅದು 2023ರಲ್ಲಿ ಆರಂಭವಾದ, 18 ಕಸುಬುಗಳಿಗೆ ಮಾತ್ರ ಸೀಮಿತವಾದ ಯೋಜನೆ. ನೋಂದಣಿ ಸಾಮಾನ್ಯ ಸೇವಾ ಕೇಂದ್ರದಲ್ಲಿ ಉಚಿತವಾಗಿ ಆಗುತ್ತದೆ, ಕಸುಬಿನ ಪರಿಶೀಲನೆ ನಡೆಯುತ್ತದೆ, ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ವಿಚಿತ್ರವೆಂದರೆ ಆ 18ರಲ್ಲಿ ಬುಟ್ಟಿ ಹೆಣೆಯುವವರಿದ್ದಾರೆ, ಮೀನಿನ ಬಲೆ ಹೆಣೆಯುವವರಿದ್ದಾರೆ, ಬಟ್ಟೆ ನೇಯುವ ನೇಕಾರರಿಲ್ಲ. ಇನ್ನು 'ಪ್ರಧಾನಮಂತ್ರಿ ಉಚಿತ ಲ್ಯಾಪ್‌ಟಾಪ್' ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸಂದೇಶಗಳು ಸುಳ್ಳೆಂದು ಕೇಂದ್ರ ಸರಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗವೇ ಮತ್ತೆ ಮತ್ತೆ ಹೇಳಿದೆ.

ಜಮಖಂಡಿ_ಪುನರ್ವಸತಿ ಅವರ ಉತ್ತರ:

ಈ ಕ್ಷೇತ್ರದಲ್ಲಿಯೇ ಕೆಲಸ ಮಾಡುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕಡಿಮೆ ಆದಾಯದವರಿಗೆ ಶ್ರವಣ ಸಾಧನ ಸಿಗಲು ಕೇಂದ್ರದ ಎರಡು ಯೋಜನೆಗಳಿವೆ, ಆದರೆ ನಮ್ಮ ಭಾಗದಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಒಂದೇ. ಅದು ಅಂಗವಿಕಲರಿಗೆ ಸಾಧನ-ಸಲಕರಣೆ ಒದಗಿಸುವ ಅಡಿಪ್ ಯೋಜನೆ, 1981ರಿಂದ ಇದೆ. ಇದಕ್ಕೆ ಕನಿಷ್ಠ ಶೇ 40ರಷ್ಟು ವೈಕಲ್ಯ ಇದೆಯೆಂಬ ಪ್ರಮಾಣಪತ್ರ ಬೇಕು, ಆದಾಯದ ಮಿತಿ ಇದೆ, ಹಿಂದಿನ 3 ವರ್ಷಗಳಲ್ಲಿ ಅದೇ ಉದ್ದೇಶಕ್ಕೆ ಸರಕಾರದಿಂದ ಸಾಧನ ಪಡೆದಿರಬಾರದು.

ಮುಗ್ಗರಿಸುವುದು ಈ ಶೇ 40ರಲ್ಲಿಯೇ. ಕಿವಿಯ ವೈಕಲ್ಯವನ್ನು ಎರಡೂ ಕಿವಿಗಳಿಂದ ಲೆಕ್ಕ ಹಾಕುತ್ತಾರೆ, ಅದರಲ್ಲಿಯೂ ಚೆನ್ನಾಗಿ ಕೇಳುವ ಕಿವಿಗೆ 5 ಪಾಲು, ಕೆಟ್ಟ ಕಿವಿಗೆ 1 ಪಾಲು ತೂಕ ಕೊಟ್ಟು 6ರಿಂದ ಭಾಗಿಸುತ್ತಾರೆ. ಹೀಗಾಗಿ ದಿನನಿತ್ಯ ಪರದಾಡುವ ಎಷ್ಟೋ ಹಿರಿಯರು ಕಾಗದದ ಮೇಲೆ ಶೇ 25ಕ್ಕೋ 30ಕ್ಕೋ ನಿಂತುಬಿಡುತ್ತಾರೆ, ಅರ್ಜಿ ಅಲ್ಲಿಗೇ ಮುಗಿಯಿತೆಂದು ಮನೆಗೆ ಮರಳುತ್ತಾರೆ.

ನಿಮ್ಮ ತಂದೆಯವರಿಗೆ 60 ದಾಟಿದೆ, ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದೆ. ಆದ್ದರಿಂದ ನೀವು ಮೊದಲು ಕೇಳಬೇಕಾದದ್ದು ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನು. 2017ರಲ್ಲಿ ಆರಂಭವಾದ ಇದು ಅಂಗವಿಕಲರಿಗೆಂದು ಮಾಡಿದ್ದಲ್ಲ, ವಯಸ್ಸಿನಿಂದ ಕಣ್ಣು, ಕಿವಿ, ಹಲ್ಲು, ಕಾಲು ಸೋತ ಬಡ ಹಿರಿಯರಿಗೆಂದು ಮಾಡಿದ್ದು. ಊರುಗೋಲು, ವಾಕರ್, ಗಾಲಿಕುರ್ಚಿ, ಕನ್ನಡಕ, ಕೃತಕ ದಂತಪಂಕ್ತಿಯ ಜೊತೆಗೆ ಶ್ರವಣ ಸಾಧನವೂ ಪಟ್ಟಿಯಲ್ಲಿದೆ. ಇಲ್ಲಿ ಶೇ 40ರ ಪ್ರಮಾಣಪತ್ರ ಕೇಳುವುದಿಲ್ಲ. ಬಿಪಿಎಲ್ ಕಾರ್ಡ್ ಅಥವಾ ತಿಂಗಳ ಆದಾಯ 15,000 ರೂಪಾಯಿಯೊಳಗಿದೆ ಎಂಬ ದಾಖಲೆ, ವಯಸ್ಸಿಗೆ ಆಧಾರ್, ಮತ್ತು ಸಾಧನದ ಅಗತ್ಯವಿದೆಯೆಂಬ ತಪಾಸಣೆ ಸಾಕು. ಒಂದಕ್ಕಿಂತ ಹೆಚ್ಚು ತೊಂದರೆಯಿದ್ದರೆ ಪ್ರತಿಯೊಂದಕ್ಕೂ ಬೇರೆ ಸಾಧನ ಕೊಡಲು ಅವಕಾಶವಿದೆ. ಸಾಧನ ಒದಗಿಸುವುದು ಕಾನ್ಪುರದ ಅಲಿಮ್ಕೋ ಎಂಬ ಕೇಂದ್ರ ಸರಕಾರದ ಸಂಸ್ಥೆ. ವಯೋಶ್ರೀ ಸಾಧನಗಳಿಗೆ 1 ವರ್ಷದ ಉಚಿತ ನಿರ್ವಹಣೆಯ ಹೊಣೆಯೂ ಅದರದೇ.

ಹೋಗಬೇಕಾದ ಕ್ರಮ ಹೇಳುತ್ತೇನೆ. ರಬಕವಿ-ಬನಹಟ್ಟಿ ನಗರಸಭೆಯ ವ್ಯಾಪ್ತಿಯಾದ್ದರಿಂದ ನಿಮಗೆ ಮೊದಲ ಕೊಂಡಿ ನಗರ ಪುನರ್ವಸತಿ ಕಾರ್ಯಕರ್ತರು. ಹಳ್ಳಿಯವರಾಗಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಇವರಿಗೆ ಸಿಗುವುದು ಗೌರವಧನ, ಕೆಲಸವೋ ಬೆಟ್ಟದಷ್ಟು. ಆದರೂ ಶಿಬಿರದ ಸುದ್ದಿ ಮೊದಲು ತಿಳಿಯುವುದು ಇವರಿಗೇ. ಅಲ್ಲಿ ಹೆಸರು ಬರೆಯಿಸಿ, ಒಂದು ಅರ್ಜಿಯನ್ನು ಬಾಗಲಕೋಟೆ ನವನಗರದಲ್ಲಿರುವ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ವಯೋಶ್ರೀ ಫಲಾನುಭವಿಗಳ ಆಯ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯದು, ಆದ್ದರಿಂದ ಬರವಣಿಗೆಯಲ್ಲಿರುವ ಅರ್ಜಿಗೆ ಬೆಲೆಯಿದೆ. ಶಿಬಿರ ಎರಡು ಹಂತದಲ್ಲಿ ನಡೆಯುತ್ತದೆ: ಮೊದಲನೆಯದರಲ್ಲಿ ತಪಾಸಣೆ ಮತ್ತು ಅಳತೆ, ಕೆಲವು ತಿಂಗಳ ನಂತರ ಎರಡನೆಯದರಲ್ಲಿ ವಿತರಣೆ. ವಿತರಣೆಯ ದಿನ ನೇರವಾಗಿ ಹೋಗಿ ನಿಂತವರಿಗೆ ಏನೂ ಸಿಗುವುದಿಲ್ಲ, ಇದನ್ನು ನಿಮ್ಮ ಓಣಿಯ ಉಳಿದವರಿಗೂ ತಿಳಿಸಿ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು.

ವಿಜಯಪುರ_ಗೋಳಗುಮ್ಮಟ ಅವರ ಉತ್ತರ:

ಮೇಲಿನವರು ಹೇಳಿದ್ದು ನಿಯಮದ ಪ್ರಕಾರ ಸರಿಯಾಗಿಯೇ ಇದೆ, ಆದರೆ ಕಾಯುವ ಕಷ್ಟವನ್ನೂ ಹೇಳಬೇಕು. ನಮ್ಮ ತಾಯಿಯವರ ತಪಾಸಣೆ ಒಂದು ಶಿಬಿರದಲ್ಲಿ ಆಗಿ, ಸಾಧನ ಕೈಗೆ ಬರುವಷ್ಟರಲ್ಲಿ ಮಳೆಗಾಲ ಹೋಗಿ ಬೇಸಿಗೆ ಬಂದಿತ್ತು. ಬಂದ ಸಾಧನ ಕೆಟ್ಟದ್ದಲ್ಲ, ಆದರೆ ಕಿವಿಗೆ ಹಾಕಿದರೆ ಕುಂಯ್ಯೆಂದು ಸೀಟಿ ಹೊಡೆಯುತ್ತಿತ್ತು, ಅವರು ಬೇಸತ್ತು ಕಪಾಟಿನಲ್ಲಿಟ್ಟರು. ಸಾಧ್ಯವಿರುವವರು ಸಾಲ ಮಾಡಿಯಾದರೂ ಖಾಸಗಿಯಾಗಿ ಕೊಳ್ಳುವುದೇ ಮೇಲೆಂದು ನನ್ನ ಅನಿಸಿಕೆ.

ಬೆಳಗಾವಿ_ಶ್ರವಣತಜ್ಞ ಅವರ ಉತ್ತರ:

ಸಾಲ ಮಾಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸೀಟಿ ಹೊಡೆಯುವುದು ಬಹುಮಟ್ಟಿಗೆ ಸಾಧನದ ದೋಷವಲ್ಲ, ಕಿವಿಯಚ್ಚಿನ ದೋಷ. ಕಿವಿಯ ಹಿಂದೆ ಕೂರುವ ಸಾಧನದಿಂದ ಒಂದು ನಳಿಕೆ ಕಿವಿಯೊಳಗಿನ ಅಚ್ಚಿಗೆ ಬರುತ್ತದೆ. ಅಚ್ಚು ಸಡಿಲವಿದ್ದರೆ ದನಿ ಹೊರಗೆ ಸೋರಿ ಮತ್ತೆ ಮೈಕಿಗೆ ಸೇರುತ್ತದೆ, ಅದೇ ಆ ಸೀಟಿ. ಸಿದ್ಧ ಅಳತೆಯ ರಬ್ಬರ್ ತುದಿಯ ಬದಲು ಅವರ ಕಿವಿಯ ಅಳತೆಗೇ ಮಾಡಿಸಿದ ಅಚ್ಚು ಹಾಕಿಸಿದರೆ, ಕಪಾಟಿನಲ್ಲಿರುವ ಸಾಧನವೇ ಕೆಲಸಕ್ಕೆ ಬರಬಹುದು. ಅಚ್ಚಿನ ಖರ್ಚು ಹೊಸ ಸಾಧನದ ಬೆಲೆಯ ಅಲ್ಪ ಭಾಗ ಮಾತ್ರ. ಮತ್ತೊಂದು ಮಾತು: ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ. ಮೇಲೆ ಜಿಎಸ್‌ಟಿ ಬೇರೆ ಎಂದ ಅಂಗಡಿಯಲ್ಲಿ ಬಿಲ್ಲಿನ ಮಾದರಿ ಕೇಳಿ ನೋಡಿ.

ಪ್ರಶ್ನೆ ಕೇಳಿದವರಿಗೆ: ಯಾವ ಯೋಜನೆಯಾದರೂ ಇರಲಿ, ಶಿಬಿರಕ್ಕೆ ಕಾಯುತ್ತ ಕೂರದೆ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಈಗಲೇ ತೋರಿಸಿ. ಗುಗ್ಗೆ ಗಟ್ಟಿಯಾಗಿದೆಯೇ, ಕಿವಿ ಸೋರುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು. ಸೋರುವ ಕಿವಿಗೆ ಅಚ್ಚು ಹಾಕಿದರೆ ಸೋಂಕು ಹೆಚ್ಚಾಗುತ್ತದೆ. ಆನಂತರ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ಪರೀಕ್ಷೆ. ಇದಕ್ಕೆ ಮಗ್ಗದ ಪಾಳಿ ಮುಗಿಸಿ ನೇರವಾಗಿ ಕರೆತರಬೇಡಿ: ಗದ್ದಲದಲ್ಲಿ ನಿಂತ ಕಿವಿ ಕೆಲವು ಗಂಟೆಗಳ ಕಾಲ ಇನ್ನಷ್ಟು ಮಂದವಾಗಿರುತ್ತದೆ, ಪರೀಕ್ಷೆಯ ಅಂಕಿ ತಪ್ಪಾಗುತ್ತದೆ. ಹಿಂದಿನ ದಿನ ರಜೆ ಹಾಕಿಸಿ.

ನೀವು ಬರೆದ ಲಕ್ಷಣ ಮಗ್ಗದವರಲ್ಲಿ ನಾವು ಕಾಣುವಂಥದೇ. ಗದ್ದಲದ ಹಾನಿ ಸಾಮಾನ್ಯವಾಗಿ 4,000 ಹರ್ಟ್ಸ್ ಸುಮಾರಿನ ತಾರಸ್ವರದಿಂದ ಆರಂಭವಾಗುತ್ತದೆ. ಸ್ವರಗಳು ಕೇಳುತ್ತವೆ, ಸ, ಶ, ತ, ಕ ಮೊದಲಾದ ವ್ಯಂಜನಗಳ ಅಂಚು ಕಳೆದುಹೋಗುತ್ತದೆ. 'ಸಾಲ' ಮತ್ತು 'ತಾಳ' ಒಂದೇ ಆಗಿ ಕೇಳುತ್ತವೆ, ಮಕ್ಕಳ ಸಣ್ಣ ದನಿಯಲ್ಲಂತೂ ಇನ್ನೂ ಕಷ್ಟ. ಆದ್ದರಿಂದ ದಪ್ಪ, ಸಣ್ಣ ಎನ್ನದೆ ಎಲ್ಲ ದನಿಗಳನ್ನೂ ಒಂದೇ ಸಮ ಏರಿಸುವ ಹೊಂದಾಣಿಕೆ ಅವರಿಗೆ ತಲೆನೋವಾಗುತ್ತದೆ. ಉಚಿತ ಸಾಧನ ಪಡೆಯುವಾಗಲೂ ಆ ಪರೀಕ್ಷೆಯ ಫಲಿತಾಂಶದ ಆಡಿಯೋಗ್ರಾಂ ಕಾಗದ ಕೈಯಲ್ಲಿರಲಿ, ಅದನ್ನು ನೋಡಿ ಹೊಂದಿಸಿ ಕೊಡಿ ಎಂದು ಕೇಳಿ. ಕೆಲಸಕ್ಕೆ ಹೋಗುವವರೆಗೆ ಕಿವಿಗೆ ರಕ್ಷಣೆಯ ಪ್ಲಗ್ ಹಾಕಿಕೊಳ್ಳಲಿ. ಮಗ್ಗದ ಮುಂದೆ ಶ್ರವಣ ಸಾಧನ ಹಾಕಿಕೊಂಡು ನಿಲ್ಲುವುದು ಸಲ್ಲದು, ಅದು ಗದ್ದಲವನ್ನೂ ಏರಿಸುತ್ತದೆ.

ಬನಹಟ್ಟಿ_ಮಗಳು:

ಎಲ್ಲರಿಗೂ ಧನ್ಯವಾದಗಳು. ವಯೋಶ್ರೀ ಎಂಬ ಹೆಸರನ್ನೇ ನಾವು ಕೇಳಿರಲಿಲ್ಲ. ಒಂದು ಸಂದೇಹ: ವಯೋಶ್ರೀಯಿಂದ ಸಾಧನ ಪಡೆದರೆ ಮುಂದೆ ಅಂಗವಿಕಲರ ಕಾರ್ಡ್ ಮಾಡಿಸಲು ತೊಂದರೆಯಾಗುವುದೇ? ಬ್ಯಾಟರಿ ಯಾರು ಕೊಡುತ್ತಾರೆ?

ಜಮಖಂಡಿ_ಪುನರ್ವಸತಿ:

ಕಾರ್ಡಿಗೆ ತೊಂದರೆಯಿಲ್ಲ. ಯುಡಿಐಡಿ ಕಾರ್ಡ್ ವೈಕಲ್ಯದ ಪ್ರಮಾಣವನ್ನು ಮಾತ್ರ ನೋಡುತ್ತದೆ, ಸಾಧನ ಎಲ್ಲಿಂದ ಬಂತೆಂಬುದನ್ನಲ್ಲ. ಆಡಿಯೋಮೆಟ್ರಿಯಲ್ಲಿ ಶೇ 40 ದಾಟಿದರೆ ಆನ್‌ಲೈನ್ ಅರ್ಜಿ ಹಾಕಿ ಮಾಡಿಸಿಯೇಬಿಡಿ, ಮಾಸಾಶನ ಮತ್ತು ಬಸ್ ಪಾಸ್‌ಗೆ ಅದು ಬೇಕಾಗುತ್ತದೆ. ಆದರೆ ಅದೇ ಸಾಧನವನ್ನು ಎರಡು ಯೋಜನೆಗಳಿಂದ ಪಡೆಯಲು ಬರುವುದಿಲ್ಲ.

ಬೆಳಗಾವಿ_ಶ್ರವಣತಜ್ಞ:

ಮೊದಲ ಬ್ಯಾಟರಿಗಳು ಮುಗಿದ ಮೇಲೆ ನೀವೇ ಕೊಳ್ಳಬೇಕೆಂದು ಲೆಕ್ಕ ಹಾಕಿಕೊಳ್ಳಿ. ಗುಂಡಿಯಾಕಾರದ ಈ ಜಿಂಕ್-ಏರ್ ಬ್ಯಾಟರಿಯ ಮೇಲೆ ಬಣ್ಣದ ಅಂಟುಚೀಟಿ ಇರುತ್ತದೆ: ಕಿತ್ತಳೆ ಇದ್ದರೆ 13ನೇ ಅಳತೆ, ನೀಲಿ ಇದ್ದರೆ 675. ಚೀಟಿ ಕಿತ್ತ ಕೂಡಲೇ ಗಾಳಿ ಸೇರಿ ಬ್ಯಾಟರಿ ಸವೆಯತೊಡಗುತ್ತದೆ, ಮತ್ತೆ ಅಂಟಿಸಿದರೂ ಉಳಿಯುವುದಿಲ್ಲ. ಹಾಕುವ ಹೊತ್ತಿಗೆ ಮಾತ್ರ ಕೀಳಿ, ರಾತ್ರಿ ಬ್ಯಾಟರಿಯ ಬಾಗಿಲು ತೆರೆದಿಡಿ, ಮೊಮ್ಮಗಳ ಕೈಗೆ ಸಿಗದ ಹಾಗೆ ಇಡಿ, ನುಂಗಿದರೆ ಅಪಾಯ.